ಹೆರಿಗೆ ಗಾಡಿ

ಧಾರವಾಡದ ಗುರುಶಿದ್ದಪ್ಪನ ಕಾರಿಗೆ ಎರಡೇ ಸೀಟು. ಉದ್ದ ಮೂತಿ, ಕೆಂಪು ಬಣ್ಣ, ಮಡಚಿ ಹಿಂದಕ್ಕೆ ಹಾಕುವ ಬಟ್ಟೆಯ ಟಾಪು. ಬೆಳಗಾವಿಯಲ್ಲಿದ್ದ ಒಬ್ಬ ಫೌಜಿ ಅಧಿಕಾರಿ ವರ್ಗವಾಗಿ ಹೋಗುವಾಗ ಮಾರಿದ ಆ ವಿಲಾಯತಿ ಗಾಡಿಯನ್ನು ಅವನು ಮದುವೆಗೆ ಮೊದಲೇ ಕೊಂಡಿದ್ದ. ಅದು ರೇಸಿಗೆಂದೇ ಮಾಡಿದ ಗಾಡಿ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಓಣಿಯವರು ಮಾತ್ರ ಅದನ್ನು ಹೆರಿಗೆ ಗಾಡಿ ಎಂದೇ ಕರೆಯುತ್ತಿದ್ದರು.

ಕರೆಯಲು ಕಾರಣವಿತ್ತು. ೧೯೭೯ರಲ್ಲಿ ಹೆಂಡತಿ ರುಕ್ಮವ್ವನಿಗೆ ಹೆರಿಗೆಯ ಬ್ಯಾನಿ ಶುರುವಾದಾಗ ಗುರುಶಿದ್ದಪ್ಪ ಅವಳನ್ನು ಇದೇ ಗಾಡಿಯಲ್ಲಿ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದ. ಉಣಕಲ್ ಕೆರೆಯ ಹತ್ತಿರ ರಸ್ತೆ ಅಗೆದು ಹಾಕಿದ್ದರು. ಗಾಡಿ ಒಂದು ತಗ್ಗಿನಲ್ಲಿ ಇಳಿದು ಎದ್ದಿತು, ಇನ್ನೊಂದರಲ್ಲಿ ಇಳಿದು ಎದ್ದಿತು, ಮೂರನೆಯದಕ್ಕೆ ಮಗಳು ಸುಮಲತಾ ಹುಟ್ಟಿದಳು. ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹುಲಿಗೆವ್ವ ಎಂಬ ಪುಣ್ಯಾತಗಿತ್ತಿ ಓಡಿ ಬಂದು ಆಗಬೇಕಾದ್ದನ್ನೆಲ್ಲ ಮಾಡಿದಳು. ಆಮೇಲೆ ರುಕ್ಮವ್ವ ಆ ಗಾಡಿಯಲ್ಲಿ ಮುಂದೆ ಬರಲು ಒಪ್ಪಲಿಲ್ಲ. ಕೂಸನ್ನು ಎದೆಗವಚಿಕೊಂಡು ಹುಲಿಗೆವ್ವನ ಗಂಡನ ಚಕ್ಕಡಿ ಹತ್ತಿದಳು. ಗುರುಶಿದ್ದಪ್ಪ ತನ್ನ ರೇಸಿನ ಗಾಡಿಯನ್ನು ಮೊದಲನೇ ಗೇರಿನಲ್ಲಿ ಹಾಕಿಕೊಂಡು ಚಕ್ಕಡಿಯ ಹಿಂದೆ ಆಸ್ಪತ್ರೆಯವರೆಗೆ ಹೋದ. ಅಲ್ಲಿ ಇಳಿಯುವಾಗ ಅವಳು ಒಂದೇ ಮಾತು ಆಡಿದಳು.

"ಚಕ್ಕಡಿ ಮೆತ್ತಗಿತ್ತು."

ಅಷ್ಟೇ. ಜಗಳವಿಲ್ಲ, ಅಳುವಿಲ್ಲ. ಆದರೆ ಅಂದಿನಿಂದ ರುಕ್ಮವ್ವ ಆ ಗಾಡಿಗೆ ಕಾಲಿಡಲಿಲ್ಲ. ಮದುವೆಗೆ, ಮುಂಜಿವೆಗೆ, ಸತ್ತವರ ಮನೆಗೆ ಬಸ್ಸಿನಲ್ಲಿಯೇ ಹೋದಳು. ಅವನು ಬಸ್ಸಿನ ಹಿಂದೆ ಗಾಡಿಯಲ್ಲಿ ಒಬ್ಬನೇ ಹೋಗುತ್ತಿದ್ದ. ಊರಿಗೆ ಅದು ನಗೆಯಾಟ. ಅವನು ಮಾತ್ರ ಪಕ್ಕದ ಖಾಲಿ ಸೀಟಿನ ಧೂಳನ್ನು ದಿನಾ ಒರೆಸುತ್ತಿದ್ದ. ಗಾಡಿ ಮಾರಿಬಿಡು ಎಂದು ಅವಳು ಹೇಳಿದ್ದರೆ ಮಾರಿ ಕೈತೊಳೆದುಕೊಳ್ಳುತ್ತಿದ್ದ. ಅವಳು ಅದನ್ನೂ ಹೇಳಲಿಲ್ಲ.

೨೦೦೩ರಲ್ಲಿ ಗುರುಶಿದ್ದಪ್ಪ ತಾರಿಹಾಳದ ಕಾರ್ಖಾನೆಯಿಂದ ನಿವೃತ್ತನಾದ. ಅದೇ ವರ್ಷ ಸುಮಲತಾ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಬಸುರಿ ಮಗಳು ಅಂಗಳ ದಾಟಿ ಒಳಗೆ ಬರುವುದನ್ನು ನೋಡುತ್ತಿದ್ದಂತೆ ಗುರುಶಿದ್ದಪ್ಪ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡ. ಈ ಸಲ ಗಾಡಿಯನ್ನು ಚಕ್ಕಡಿಗಿಂತ ಮೆತ್ತಗೆ ಮಾಡಬೇಕು, ರುಕ್ಮವ್ವನನ್ನು ಅದರಲ್ಲಿ ಕೂಡಿಸಬೇಕು.

ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಗಾಡಿಯನ್ನು ಕಟ್ಟಿಗೆಯ ದಿಮ್ಮಿಗಳ ಮೇಲೆ ಏರಿಸಿ ಗಾಲಿ ಬಿಚ್ಚಿದ. ಕೆಳಗೆ ಮಲಗಿ ನೋಡಿದರೆ ಗಾಡಿಯ ಹಿಂಭಾಗವನ್ನು ಹೊತ್ತ ಪಾಟಾಗಳು, ಎಂದರೆ ಒಂದರ ಮೇಲೊಂದು ಪೇರಿಸಿ ಬಿಗಿದ ಉಕ್ಕಿನ ಪಟ್ಟಿಗಳು, ಜಂಗು ತಿಂದು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಕುಲುಕಾಟ ತಡೆಯುವ ಶಾಕಬ್ಸರ್‌ನ ಎಣ್ಣೆ ಎಂದೋ ಇಂಗಿಹೋಗಿತ್ತು. ಇಷ್ಟು ವರ್ಷ ಗಾಡಿ ಓಡಿದ್ದೇ ದೊಡ್ಡದು. ಅವನು ಪಾಟಾ ಕಳಚಿ ಹುಬ್ಬಳ್ಳಿಯ ಗೆಳೆಯ ಮಕಬೂಲಸಾಬನಿಗೆ ಕೊಟ್ಟು, ಇವು ಛಲೋ ಆಗಬೇಕು ಎಂದ.

ಮಕಬೂಲಸಾಬನದು ಟೆಂಪೊ, ಲಾರಿಗಳಿಗೆ ಪಾಟಾ ಕಟ್ಟುವ ಅಂಗಡಿ. ಅವನು ಎಲ್ಲರಿಗೂ ಮಾಡಿದಂತೆ ಇವನಿಗೂ ಭಾರ ತಾಳಲಿ ಎಂದು ಎರಡೆರಡು ಪಟ್ಟಿ ಹೆಚ್ಚಿಗೆ ಸೇರಿಸಿ, ತಾನೇ ತಂದು ಕೂಡಿಸಿಕೊಟ್ಟ. ದಿಮ್ಮಿ ತೆಗೆದಾಗ ಗಾಡಿಯ ಹಿಂಭಾಗ ಇಳಿಯಲೇ ಇಲ್ಲ. ಮೂತಿ ನೆಲಕ್ಕೆ, ಬಾಲ ಆಕಾಶಕ್ಕೆ.

"ಹತ್ತು ಚೀಲ ಮೆಣಸಿನಕಾಯಿ ಹೇರ್ರಿ," ಎಂದ ಮಕಬೂಲಸಾಬ. "ಒಂಚೂರು ಬಗ್ಗಿದ್ರ ನನ್ನ ಕೇಳ್ರಿ."

ಈ ಗಾಡಿಯ ಡಿಕ್ಕಿಯಲ್ಲಿ ಅರ್ಧ ಚೀಲವೂ ಹಿಡಿಯುವುದಿಲ್ಲ ಎಂದು ಗುರುಶಿದ್ದಪ್ಪ ತೋರಿಸಿದ. ಪಾಟಾ ಮೆತ್ತಗಾಗಲಿ ಎಂದು ಕೇಳುವ ಗಿರಾಕಿಯನ್ನು ಮಕಬೂಲಸಾಬ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಹಳ ಹೊತ್ತು ಗದ್ದ ಕೆರೆದುಕೊಂಡು, ಹಾಗಾದರೆ ಇದರಲ್ಲಿ ಹೇರುವ ಮಾಲಾದರೂ ಏನು ಎಂದು ಕೇಳಿದ. ರುಕ್ಮವ್ವ ಎಂದ ಗುರುಶಿದ್ದಪ್ಪ.

"ಮೊದಲ ಹೇಳಬೇಕಿತ್ತಲ್ರಿ ಅಣ್ಣಾರ," ಎಂದ ಮಕಬೂಲಸಾಬ.

ಭಾರ ಗೊತ್ತಾಗದೆ ಪಾಟಾ ಕಟ್ಟಲಾಗದು. ಹೋಗಿ ತೂಕ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕಟ್ಟೆಯ ಮೇಲೆ ಜೋಳ ಹಸನ ಮಾಡುತ್ತಿದ್ದ ರುಕ್ಮವ್ವನನ್ನು ಮಕಬೂಲಸಾಬ ಶೆಡ್ಡಿನ ಮರೆಯಿಂದ ಒಮ್ಮೆ ನೋಡಿದ. ನಾಲ್ಕು ಪಟ್ಟಿ ಸಾಕು ಎಂದು ಗುಡಿಯಲ್ಲಿ ನಿಂತವನ ದನಿಯಲ್ಲಿ ಹೇಳಿದ.

ಪಟ್ಟಿಗಳನ್ನು ಕಡಿಮೆ ಮಾಡಿ, ಕಾಯಿಸಿ ಹೊಸದಾಗಿ ಬಾಗಿಸಿ, ನಡುನಡುವೆ ನೈಲಾನ್ ತುಂಡು ಇಟ್ಟು ಕಟ್ಟಿದರು. ಹಳೆಯ ಶಾಕಬ್ಸರ್ ತೆಗೆದು ಈಗಿನ ಕಾಲದ ಕಾರಿನದನ್ನು ಹಾಕಿದರು. ಅದು ಕೂಡದಿದ್ದಾಗ ಗುರುಶಿದ್ದಪ್ಪ ತನ್ನ ಹಳೆಯ ಕಾರ್ಖಾನೆಗೆ ಹೋಗಿ ಅದನ್ನು ಹಿಡಿದಿಡುವ ಕಬ್ಬಿಣದ ಕೈಗಳನ್ನು ಬೆಸುಗೆ ಹಾಕಿಸಿಕೊಂಡು ಬಂದ. ಸವೆದ ರಬ್ಬರ್ ಬುಷ್‌ಗಳೆಲ್ಲ ಹೊಸವಾದವು. ರುಕ್ಮವ್ವ ಚಹಾ ತಂದು ಗಾಲಿಯ ಹತ್ತಿರ ಇಟ್ಟು ಹೋಗುತ್ತಿದ್ದಳು. ಏನು ನಡೆದಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಪರೀಕ್ಷೆಗೆಂದು ಗುರುಶಿದ್ದಪ್ಪ ಪಕ್ಕದ ಸೀಟಿನ ಮೇಲೆ ಒಂದು ಪಾತೇಲಿ ಮಜ್ಜಿಗೆ ಇಟ್ಟುಕೊಂಡು ಹತ್ತಿರದ ಹಳ್ಳಿ ಮುಗದಕ್ಕೆ ಹೋಗಿಬಂದ. ಮೊದಲ ಸಲ ಮಜ್ಜಿಗೆಯನ್ನು ಸೀಟು ಕುಡಿಯಿತು. ಬೋಲ್ಟು ಬಿಗಿ ಮಾಡಿ ಎರಡನೆಯ ಸಲ ಹೋದಾಗ ಅರ್ಧ ಉಳಿಯಿತು. ಮುಗದದವರು ಕೆಂಪು ಗಾಡಿಯಲ್ಲಿ ಮಜ್ಜಿಗೆ ಮಾರಲು ಬಂದಿದ್ದಾನೆ ಎಂದು ತಿಳಿದು ತಂಬಿಗೆ ಹಿಡಿದು ನಿಂತರು. ಕೊನೆಗೆ ಒಂದು ದಿನ ಪಾತೇಲಿ ಹೋದಷ್ಟೇ ತುಂಬಿಕೊಂಡು ತಿರುಗಿ ಬಂತು. ಅವನು ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಒಯ್ದು, ಒಂದು ಹನಿ ಚೆಲ್ಲಿಲ್ಲ ಎಂದ. ರುಕ್ಮವ್ವ ಬೆರಳು ಅದ್ದಿ ರುಚಿ ನೋಡಿದಳು.

"ಹುಳಿ ಆಗೇತಿ," ಎಂದಳು.

ಅಷ್ಟರಲ್ಲಿ ಸುಮಲತಾಳ ದಿನ ತುಂಬಿ, ದಿನ ಮೀರಿತು. ಗಾಬರಿಯಾಗಬೇಡಿ, ಸೋಮವಾರ ಕರೆದುಕೊಂಡು ಬನ್ನಿ ಎಂದು ಹುಬ್ಬಳ್ಳಿಯ ಡಾಕ್ಟರಮ್ಮ ಹೇಳಿದ್ದರು. ಗಾಬರಿಯಾಗುವುದು ತಾಯಿಯ ಕೆಲಸ. ಶನಿವಾರ ರುಕ್ಮವ್ವ ತಾನಾಗಿಯೇ ಶೆಡ್ಡಿಗೆ ಬಂದಳು.

"ಆಕಿನ್ನ ಇದರಾಗ ಒಂದ ಸುತ್ತ ಹಾಕಿಸಿಕೊಂಡ ಬರ್ರಿ," ಎಂದಳು. "ಈ ಗಾಡಿಗೆ ಆ ಕೆಲಸ ಗೊತ್ತೈತಿ."

ಇದು ಮೆಚ್ಚುಗೆಯೋ ಬೈಗುಳವೋ ಗುರುಶಿದ್ದಪ್ಪನಿಗೆ ತಿಳಿಯಲಿಲ್ಲ. ಹೆಂಡತಿ ಗಾಡಿಯ ಬಗ್ಗೆ ಏನನ್ನೋ ಕೇಳಿಕೊಂಡಿದ್ದು ಇದೇ ಮೊದಲು. ಇಲ್ಲ ಎನ್ನುವುದು ಹೇಗೆ? ಮಗಳನ್ನು ಕೂಡಿಸಿಕೊಂಡು ಮುಗದದ ದಾರಿ ಹಿಡಿದ. ಅಷ್ಟು ದಿನ ತಪ್ಪಿಸುತ್ತಿದ್ದ ತಗ್ಗುಗಳನ್ನು ಈಗ ಹುಡುಕಿ ಹುಡುಕಿ ಮೆಲ್ಲಗೆ ಇಳಿಸಿದ. ಗಾಡಿ ಪ್ರತಿಯೊಂದರಲ್ಲೂ ಒಮ್ಮೆ ಉಸಿರು ಬಿಟ್ಟು ನುಣ್ಣಗೆ ಮೇಲೆದ್ದಿತು. ಸುಮಲತಾ ಪೂರಾ ದಾರಿ ಹುರಿದ ಶೇಂಗಾ ತಿಂದಳು, ಮನೆಯಲ್ಲಿ ಸೆಖೆ, ಇಲ್ಲಿ ಹಾಯೆನಿಸುತ್ತದೆ ಎಂದಳು. ತಾನು ಗೆದ್ದೆನೋ ಸೋತೆನೋ ತಿಳಿಯದೆ ಗುರುಶಿದ್ದಪ್ಪ ಗಾಡಿಯನ್ನು ಶೆಡ್ಡಿಗೆ ಹಾಕಿದ. ಮಗಳು ಹೋದ ಹಾಗೆಯೇ ಇಳಿದು ಬಂದದ್ದನ್ನು ನೋಡಿ, ಬೇಕಾದಾಗ ಕೈಕೊಡುವ ಗಾಡಿ ಎಂದಳು ರುಕ್ಮವ್ವ.

ಸೋಮವಾರ ಅಳಿಯ ವಿನೋದ ಗದಗಿನಿಂದ ಬಂದ. ಅವನೂ ಸುಮಲತಾಳೂ ರುಕ್ಮವ್ವನೂ ಆಟೋದಲ್ಲಿ ಹೊರಟರು, ಗಂಟುಮೂಟೆ ಹಿಂದೆ ಗುರುಶಿದ್ದಪ್ಪನ ಪಕ್ಕದ ಸೀಟಿನಲ್ಲಿ. ಆಟೋ ನವನಗರ ದಾಟುವಷ್ಟರಲ್ಲಿ ತನ್ನ ಪಾಲಿನ ಕೆಲಸ ಮಾಡಿತ್ತು. ಬ್ಯಾನಿ ಶುರುವಾಗಿ, ರಾತ್ರಿಯಿಡೀ ಎಳೆದು, ನಸುಕಿನಲ್ಲಿ ಆಸ್ಪತ್ರೆಯ ಮಂಚದ ಮೇಲೆಯೇ ಮೊಮ್ಮಗಳು ಹುಟ್ಟಿದಳು. ಎಲ್ಲ ಸುಸೂತ್ರ.

ಬೆಳಿಗ್ಗೆ ಬೀಗತಿ ಬಂದು ಬಾಣಂತಿಯ ಹತ್ತಿರ ಕುಳಿತ ಮೇಲೆ ರುಕ್ಮವ್ವ ಮನೆಗೆ ಹೋಗಿ ಜಳಕ ಮಾಡಿ ಅಡುಗೆ ಕಟ್ಟಿಕೊಂಡು ಬರುವುದೆಂದಾಯಿತು. ಆಸ್ಪತ್ರೆಯ ಗೇಟಿನಲ್ಲಿ ಜನ ಬಾಗಿಲಿಗೆ ಜೋತುಬಿದ್ದ ಬಸ್ಸೊಂದು ನಿಂತು ಹೊರಟಿತು. ಅವಳು ಅದನ್ನು ನೋಡುತ್ತ ನಿಂತಳು. ಕಣ್ಣು ಕೆಂಪಾಗಿದ್ದವು, ಸೆರಗು ನೆಲಕ್ಕೆ ಬಿದ್ದಿತ್ತು. ಗುರುಶಿದ್ದಪ್ಪ ಗಾಡಿ ತಂದು ನಿಲ್ಲಿಸಿ, ಅತ್ತ ಕಡೆಯ ಬಾಗಿಲು ತೆರೆದು ಹಿಡಿದ. ರುಕ್ಮವ್ವ ಬಾಗಿಲನ್ನು ನೋಡಿದಳು, ಸೀಟನ್ನು ಮುಟ್ಟಿ ನೋಡಿ ಕೈ ಮೂಸಿದಳು. ಮಜ್ಜಿಗೆ ನಾರುತ್ತದೆ ಎಂದು ಹೇಳಿ, ಹತ್ತಿ ಕುಳಿತಳು. ಹಠ ಮಾಡುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಇಷ್ಟು ವರ್ಷ ಕಾದಿದ್ದ ಗುರುಶಿದ್ದಪ್ಪನಿಗೆ ಈಗ ಹೆದರಿಕೆಯಾಯಿತು. ಉಣಕಲ್ ಕೆರೆಯ ಹತ್ತಿರ ವೇಗ ಇಳಿಸಿ, ಏನಾದರೂ ಅಂದಾಳೆಂದು ಕಾದ. ಓರೆಗಣ್ಣಿನಿಂದ ನೋಡಿದರೆ ತಲೆ ಬಾಗಿಲಿಗೆ ಒರಗಿದೆ, ಬಾಯಿ ತುಸು ತೆರೆದಿದೆ. ರುಕ್ಮವ್ವ ನಿದ್ದೆ ಹೋಗಿದ್ದಳು. ಗುರುಶಿದ್ದಪ್ಪನಿಗೆ ಅಳು ಬಂತು. ಅಳುತ್ತಲೇ ನವನಗರ ದಾಟಿಸಿದ.

ಧಾರವಾಡ ಬಂತು, ಓಣಿಯ ತಿರುವು ಬಂತು. ನಿಲ್ಲಿಸಿದರೆ ಎಚ್ಚರವಾಗುತ್ತಾಳೆ. ಅವನು ತಿರುಗಿಸದೆ ಗರಗದ ದಾರಿ ಹಿಡಿದ. ಊರು ಮುಗಿದು ಹೊಲ ಶುರುವಾದ ಮೇಲೆ ಮುಂದೆ ಮೇವು ಹೇರಿಕೊಂಡ ಒಂದು ಚಕ್ಕಡಿ ಸಿಕ್ಕಿತು. ಹಾರ್ನ್ ಹೊಡೆದರೆ ಅದು ದಾರಿ ಬಿಡುತ್ತಿತ್ತು. ಅವನು ಹೊಡೆಯಲಿಲ್ಲ. ಮೊದಲನೇ ಗೇರಿಗೆ ಹಾಕಿ ಎತ್ತುಗಳ ನಡಿಗೆಯಲ್ಲಿ ಅದರ ಹಿಂದೆ ಹೊರಟ.

ಬಿಸಿಲು ಮುಖಕ್ಕೆ ಬಿದ್ದು ರುಕ್ಮವ್ವ ಕಣ್ಣು ತೆರೆದಳು. ಸುತ್ತಲಿನ ಹೊಲಗಳನ್ನು ನೋಡಿದಳು. ಆಮೇಲೆ ಬಹಳ ಹೊತ್ತು ಮುಂದಿದ್ದ ಚಕ್ಕಡಿಯನ್ನೇ ನೋಡಿದಳು.

"ಎಷ್ಟೊತ್ತಿನಿಂದ ಇದರ ಹಿಂದ ಬರಾಕತ್ತೀರಿ?"

"ಭಾಳ ಹೊತ್ತಾತು," ಎಂದ ಗುರುಶಿದ್ದಪ್ಪ.

"ಹಾರ್ನ್ ಹೊಡೀರಿ," ಎಂದಳು ರುಕ್ಮವ್ವ. "ದಾಟಿ ಮುಂದ ಹೋಗೂಣು."

ಸೆರಗನ್ನು ಕಿವಿಗೆ ಸುತ್ತಿಕೊಂಡು ಮತ್ತೆ ಕಣ್ಣು ಮುಚ್ಚಿದಳು.