ಮೇಲೆ ಎಂದು ಕೂಗುವವಳು

ತಂಡದಲ್ಲಿ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಿದ್ದರು. ಮೂವತ್ತನಾಲ್ಕು ಎಂದರೆ ಬೇರೆ ಕಡೆ ಏನೂ ಅಲ್ಲ, ಫುಟ್‌ಬಾಲಿನಲ್ಲಿ ಮುದುಕಿಯ ವಯಸ್ಸು. ಹನ್ನೊಂದು ವರ್ಷ ರಕ್ಷಣೆಯ ಸಾಲಿನ ನಡುವೆ ನಿಂತವಳು ಹೊಡೆದ ಗೋಲು ಎರಡೇ. ಅದರಲ್ಲೂ ಒಂದು ತಮ್ಮದೇ ತಂಡದ ಗೋಲಿನೊಳಕ್ಕೆ. "ಈ ವರ್ಷವಾದ್ರೂ ಒಂದು ಹೊಡೀತೀಯೇನೇ?" ಎಂದು ಅಮ್ಮ ಕೇಳುತ್ತಲೇ ಇದ್ದಳು. ಗೋಲು ತಡೆಯುವುದಕ್ಕೂ ಸಂಬಳ ಕೊಡುತ್ತಾರೆ ಎನ್ನುವುದು ಅಮ್ಮನ ತಲೆಗೆ ಹೋಗಲೇ ಇಲ್ಲ.

ನಿಜ ಹೇಳಬೇಕೆಂದರೆ ಅವಳ ಕೆಲಸ ಒಂದು ಕೂಗು. ಎದುರಾಳಿ ಚೆಂಡನ್ನು ಒದೆಯುವುದಕ್ಕೆ ಒಂದೇ ಕ್ಷಣ ಮುಂಚೆ ಅವಳು "ಮೇಲೆ" ಎನ್ನಬೇಕು, ಸಾಲಿನ ನಾಲ್ವರೂ ಅತ್ತಿತ್ತ ನೋಡದೆ ಒಟ್ಟಿಗೆ ಮುಂದೆ ಸರಿಯಬೇಕು. ಅವರ ಬೆನ್ನ ಹಿಂದೆ ಉಳಿದ ಎದುರಾಳಿ ಆಗ ಆಫ್‌ಸೈಡ್, ಅವಳು ಹೊಡೆದ ಗೋಲು ಲೆಕ್ಕಕ್ಕಿಲ್ಲ. ನಾಲ್ವರಲ್ಲಿ ಒಬ್ಬಳು ಕದಲದಿದ್ದರೂ ಎಲ್ಲ ಮಣ್ಣುಪಾಲು.

ಶನಿವಾರದ ಪಂದ್ಯದಲ್ಲಿ ಹಾಗೇ ಆಯಿತು. ಮೂವರು ಮುಂದೆ ಹೋದರು, ಎಡಗಡೆಯ ಹುಡುಗಿ ನಿಂತಲ್ಲೇ ನಿಂತಳು. ಗೋಲಾಯಿತು, ಪಂದ್ಯ ಹೋಯಿತು.

ಸೋಮವಾರ ಪರದೆ ಎಳೆದ ಕೋಣೆಯಲ್ಲಿ, ಒದ್ದೆ ಕಾಲುಚೀಲದ ವಾಸನೆಯ ನಡುವೆ, ಕೋಚ್ ಮೇಡಂ ಆ ವಿಡಿಯೋ ಹಾಕಿದರು. ಅದರಲ್ಲಿ ಚಿತ್ರವಿತ್ತು, ಸದ್ದಿರಲಿಲ್ಲ.

"ಇವಳಿಗೆ ಕಿವಿ ಇಲ್ವಾ?"

"ನಂಗೆ ಕೇಳಿಸ್ಲಿಲ್ಲ ಮೇಡಂ," ಎಂದಳು ಹುಡುಗಿ. ಮೂರು ತಿಂಗಳ ಪರೀಕ್ಷೆಯ ಮೇಲೆ ಬಂದ ಹತ್ತೊಂಬತ್ತರ ಹುಡುಗಿ. ಇಂಥ ಇನ್ನೊಂದು ತಪ್ಪಿಗೆ ಮನೆಗೆ ಹೋಗುವವಳು.

"ದೊಡ್ಡಕ್ಕ, ನೀನು ಕೂಗಿದ್ಯಾ?"

ದೊಡ್ಡಕ್ಕ ಕೂಗಿರಲಿಲ್ಲ. ಎರಡು ಸಲ ಹಿಂದಕ್ಕೆ ಓಡಿ ಬಂದಿದ್ದಳು, ಎದೆಯಲ್ಲಿ ಗಾಳಿ ಉಳಿದಿರಲಿಲ್ಲ. ಬಾಯಿ ತೆರೆದರೂ ದನಿ ಹೊರಡಲಿಲ್ಲ, ಕಾಲು ಮಾತ್ರ ಅಭ್ಯಾಸಬಲದಿಂದ ಮುಂದೆ ಹೋಯಿತು. ಬಲಗಡೆಯ ಇಬ್ಬರು ಅವಳನ್ನು ನೋಡಿ ಸರಿದರು. ನೋಡಬಾರದೆಂದು ಕಲಿತಿದ್ದ ಹುಡುಗಿ ನೋಡಲಿಲ್ಲ. ಒಂದು ತಿಂಗಳಿಂದ ಈ ಉಸಿರಿನ ಗುಟ್ಟನ್ನು ದೊಡ್ಡಕ್ಕ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮುಂದಿನ ವರ್ಷದ ಒಪ್ಪಂದಕ್ಕೆ ಅಂದು ಸಂಜೆ ಸಹಿ ಬೀಳಬೇಕಿತ್ತು. ಹೂಂ ಎಂದರೆ ಸಾಕಿತ್ತು, ಆ ಹೂಂ ನಾಲಿಗೆಯ ತುದಿಗೇ ಬಂದಿತ್ತು. ಹುಡುಗಿಯಾದರೂ ತನ್ನತ್ತ ಕೆಕ್ಕರಿಸಿ ನೋಡಿದ್ದರೆ ಹೇಳಿಬಿಡುತ್ತಿದ್ದಳೋ ಏನೋ. ಆ ಪೆದ್ದು ತನ್ನ ಕಿವಿಯನ್ನೇ ಅನುಮಾನಿಸುತ್ತಾ ಬೆರಳು ಹಾಕಿ ತಿರುವುತ್ತಿತ್ತು.

"ಇಲ್ಲ," ಎಂದಳು ದೊಡ್ಡಕ್ಕ. "ಉಸಿರು ಸಿಗಲಿಲ್ಲ."

ಎಲ್ಲರೂ ಹೋದ ಮೇಲೆ ಮೇಡಂ ಹೇಳಿದರು: "ನೀನು ಹೇಳದೇ ಇದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ಲ."

"ಮುಂದಿನ ಪಂದ್ಯದಲ್ಲಿ ಗೊತ್ತಾಗ್ತಿತ್ತು."

ಮೇಡಂ ಅಲ್ಲಗಳೆಯಲಿಲ್ಲ. ಒಪ್ಪಂದ ಮೇಜಿನ ಖಾನೆಯೊಳಕ್ಕೆ ಹೋಯಿತು. ಉಳಿದ ಮೂರು ಪಂದ್ಯ ಆಡಿ ಮುಗಿಸು, ಕೂಗುವುದನ್ನು ಆ ಹುಡುಗಿಗೆ ಕಲಿಸು ಎಂದರು.

ಮರುದಿನ ಅಭ್ಯಾಸದಲ್ಲಿ ಹುಡುಗಿ ಸಂಕೋಚದಿಂದ "ಅಕ್ಕಾ, ಮೇಲೆ ಬನ್ನಿ" ಎಂದಳು.

"ಅಷ್ಟು ಮರ್ಯಾದೆ ಕೊಡೋಷ್ಟರಲ್ಲಿ ಗೋಲಾಗಿರುತ್ತೆ. ಒಂದೇ ಮಾತು. ಗಂಟಲು ಹರಿಯೋ ಹಾಗೆ ಕೂಗು."

ಮತ್ತೆ ಚೆಂಡು ಬಂತು. ಹುಡುಗಿ ಕೂಗಿದ ರಭಸಕ್ಕೆ ಮೈದಾನದಾಚೆ ಹುಲ್ಲು ಕತ್ತರಿಸುತ್ತಿದ್ದವನೂ ತಲೆಯೆತ್ತಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ದೊಡ್ಡಕ್ಕ ಬೇರೊಬ್ಬಳ ಮಾತಿಗೆ ಹೆಜ್ಜೆ ಎತ್ತಿಟ್ಟಳು. ಅಕ್ಕಪಕ್ಕದವರೆಲ್ಲ ಆಗಲೇ ಮುಂದಿದ್ದರು.

"ನೀವು ಹಿಂದೆ ಉಳಿದ್ರಿ," ಎಂದಳು ಹುಡುಗಿ.