ವಾರಿಜಾಕ್ಷಿಯ ಎಲೆ

"ಎಲೆ ಏಳು ಸಾಕಾ, ಎಂಟು ಬೇಕಾ?"

ಬಾಳೆಯ ಬುಡದಲ್ಲಿ ಕತ್ತಿ ಹಿಡಿದು ನಿಂತ ಸಂಕಪ್ಪ ರೈ ಮೂರನೆಯ ಸಲ ಕೇಳಿದ. ಅಂಗಳದ ಚಪ್ಪರದ ಕೆಳಗೆ ಕಾಲು ಚಾಚಿ ಕೂತು ತೆಂಗಿನಕಾಯಿ ತುರಿಯುತ್ತಿದ್ದ ಅವನ ತಾಯಿ ಸೀತುವಿಗೆ ಮೊದಲ ಎರಡು ಸಲ ಕೇಳಿಸಿರಲಿಲ್ಲ. ಬೇಡದ್ದು ಕೇಳಿಸದಿರುವ ಕಿವಿ ಅವಳದು. ಈಗ ತಲೆ ಎತ್ತದೆ, "ಏಳು," ಎಂದಳು.

ಗುರುವಾರ ಮನೋರಮಾಳ ಮದುವೆ. ಮನೋರಮಾ ಸಂಕಪ್ಪನ ಅಕ್ಕನ ಮಗಳು, ಸೀತು ಸಾಕಿ ಬೆಳೆಸಿದ ಮೊಮ್ಮಗಳು. ಮದುವೆಗೆ ಮೊದಲು ಮನೆಯಲ್ಲಿ ತೀರಿಕೊಂಡವರಿಗೆಲ್ಲ ಬಡಿಸಬೇಕು. ಅದು ಆ ಮನೆಯದ್ದೊಂದೇ ಅಲ್ಲ, ಊರಿನ ಎಲ್ಲ ಮನೆಗಳ ಕಟ್ಟಳೆ. ಒಳಕೋಣೆಯಲ್ಲಿ ಸಾಲಾಗಿ ಎಲೆ ಹಾಕಿ, ಯಾರ್ಯಾರಿಗೆ ಏನೇನು ಇಷ್ಟವಾಗಿತ್ತೋ ಅದನ್ನು ಅವರವರ ಎಲೆಗೆ ಬಡಿಸಿ, ಹೆಸರು ಹಿಡಿದು ಕರೆದು ಬಾಗಿಲು ಮುಚ್ಚಬೇಕು. ಬಂದವರು ಉಣ್ಣುವಷ್ಟು ಹೊತ್ತು ಮನೆಯವರು ಹೊರಗೆ ಕಾಯಬೇಕು. ಆಮೇಲೆ ಆ ಎಲೆಗಳ ಮುಂದೆ ಮನೆಯವರೇ ಕೂತು ಉಣ್ಣುವುದು. ಆ ಮನೆಯಲ್ಲಿ ಸತ್ತವರು ಏಳು ಜನ. ಎಂಟನೆಯವಳು ಮನೋರಮಾಳ ತಾಯಿ ವಾರಿಜಾಕ್ಷಿ. ಅವಳು ಸತ್ತವಳು ಹೌದೋ ಅಲ್ಲವೋ ಎಂಬುದೇ ಯಾರಿಗೂ ಗೊತ್ತಿರಲಿಲ್ಲ.

ಹದಿನಾಲ್ಕು ವರ್ಷದ ಹಿಂದೆ, ಐವತ್ತೊಂದನೆಯ ಇಸವಿಯಲ್ಲಿ, ವಾರಿಜಾಕ್ಷಿ ನರಿಮೊಗರಿನಲ್ಲಿದ್ದ ಬಾಣಂತಿ ತಂಗಿಯನ್ನು, ಎಂದರೆ ಚಿಕ್ಕಮ್ಮನ ಮಗಳನ್ನು, ನೋಡಿಕೊಂಡು ಸಂಜೆಗೆ ಬರುತ್ತೇನೆಂದು ತಮ್ಮೂರು ಆಲಂಕಾರಿನಿಂದ ಹೊರಟಳು. ಪುತ್ತೂರಿನಲ್ಲಿ ಬಸ್ಸು ಇಳಿದಳು. ನರಿಮೊಗರಿನ ದಾರಿ ಹಿಡಿದದ್ದನ್ನು ನೋಡಿದವರಿದ್ದಾರೆ. ಅಲ್ಲಿಗೆ ತಲುಪಲಿಲ್ಲ, ಇಲ್ಲಿಗೂ ತಿರುಗಿ ಬರಲಿಲ್ಲ. ಸಂಕಪ್ಪ ಪೊಲೀಸರಿಗೆ ಹೇಳಿದ, ದಾರಿ ಬದಿಯ ಬಾವಿಗಳಿಗೆಲ್ಲ ಜನ ಇಳಿಸಿದ, ಘಟ್ಟದ ಮೇಲಿನವರೆಗೂ ಹೋಗಿ ಹುಡುಕಿದ. ಒಬ್ಬ ಜ್ಯೋತಿಷಿ ಮೂಡು ದಿಕ್ಕಿನಲ್ಲಿ ಸುಖವಾಗಿದ್ದಾಳೆ ಎಂದ, ಇನ್ನೊಬ್ಬ ನೀರು ಕಾಣಿಸುತ್ತದೆ ಎಂದ. ಅವಳ ಗಂಡ ಮೂರು ವರ್ಷ ಕಾದು ಸುಳ್ಯದ ಕಡೆ ಇನ್ನೊಂದು ಮದುವೆಯಾದ. ಅವನನ್ನು ಯಾರೂ ದೂರಲಿಲ್ಲ. ಕಾಯುವುದಕ್ಕೂ ಒಂದು ಮಿತಿ ಉಂಟಲ್ಲ.

ಸೀತುವಿಗೆ ಮಾತ್ರ ಆ ಮಿತಿ ಇರಲಿಲ್ಲ. ಆದರೆ ಅವಳು ಮೂಲೆ ಹಿಡಿದು ಅಳುವ ಹೆಂಗಸೂ ಅಲ್ಲ. ಯಾರು ಕೇಳಿದರೂ "ಪುತ್ತೂರಿಗೆ ಹೋಗಿದ್ದಾಳೆ" ಎನ್ನುತ್ತಿದ್ದಳು, ಈಗಷ್ಟೇ ಮೆಟ್ಟಿಲಿಳಿದು ಹೋದ ಮಗಳ ಬಗ್ಗೆ ಹೇಳುವಂತೆ. ಊರಿನಲ್ಲಿ ಅದೊಂದು ಮಾತೇ ಆಗಿಹೋಯಿತು. ಯಾರದ್ದಾದರೂ ಕತ್ತಿ ಕಾಣೆಯಾದರೆ, ಕೋಳಿ ಗೂಡಿಗೆ ಬಾರದಿದ್ದರೆ, "ಪುತ್ತೂರಿಗೆ ಹೋಗಿರಬೇಕು ಮಾರಾಯ" ಎಂದು ನಗುತ್ತಿದ್ದರು. ಸೀತುವಿನ ಎದುರು ಯಾರೂ ಹಾಗೆ ಹೇಳುತ್ತಿರಲಿಲ್ಲ, ಅಷ್ಟು ಮರ್ಯಾದೆ ಊರಿಗಿತ್ತು. ಜೊತೆಗೆ ಊರಿಗೆ ಅವಳ ಅನ್ನದ ಋಣವೂ ಇತ್ತು. ಆ ಮನೆಯ ಅಂಗಳಕ್ಕೆ ಬಂದವರು, ಟಪಾಲಿನವನಿರಲಿ, ಭೂಮಿ ಅಳೆಯುವವನಿರಲಿ, ದಾರಿ ತಪ್ಪಿ ಬಂದವನಿರಲಿ, ಬಾಯಿಗೆ ಒಂದಿಷ್ಟು ಹಾಕಿಕೊಳ್ಳದೆ ಹೊರಡುವ ಹಾಗಿರಲಿಲ್ಲ. ಮನೆಯವರ ಮೇಲಂತೂ ಕಾವಲೇ ಇತ್ತು. ಮನೋರಮಾ ಶಾಲೆಗೆ ಹೋಗುವ ಕಾಲದಲ್ಲಿ ಗಂಜಿ ಕುಡಿದು ಕುಡಿದು ನಡೆಯಲಾರದೆ ನಿತ್ಯ ತಡವಾಗಿ ಪೆಟ್ಟು ತಿನ್ನುತ್ತಿದ್ದಳು.

ಹೀಗೆ ಆ ಮನೆ ಒಂದು ತರಹದಲ್ಲಿ ನೆಮ್ಮದಿಯಾಗಿಯೇ ಇತ್ತು. ಈಗ ಗಂಡಿನ ಸೋದರಮಾವ ತ್ಯಾಂಪಣ್ಣ ಶೆಟ್ರು ಕಡಬದಿಂದ ಬಂದು, ಎರಡು ಲೋಟ ಬೆಲ್ಲದ ಕಾಫಿ ಕುಡಿದು, ಸಂಕಪ್ಪನನ್ನು ಅಂಗಳದ ಬದಿಗೆ ಕರೆದುಕೊಂಡು ಹೋಗಿ ಹೇಳಿದ್ದರು: "ನಮಗೆ ಹುಡುಗಿ ಒಪ್ಪಿಗೆ, ಮನೆ ಒಪ್ಪಿಗೆ. ಬೇರೆ ಎಂತದ್ದೂ ಬೇಡ. ತಾಯಿಯ ವಿಷಯ ಮಾತ್ರ ಒಂದು ತೀರ್ಮಾನ ಮಾಡಿ ರೈಗಳೇ. ಸತ್ತಿದ್ರೆ ಬಡಿಸಿ. ಮಗಳ ಮದುವೆಯ ದಿನ ತಾಯಿ ಹಸಿದು ಬಾಗಿಲಲ್ಲಿ ನಿಂತ್ರೆ ಆ ಮಗಳು ಬಾಳಿಯಾಳಾ?"

ಅದು ತಪ್ಪು ಮಾತಾಗಿರಲಿಲ್ಲ. ಆದರೆ ಬದುಕಿದ್ದವಳಿಗೆ ಸತ್ತವರ ಸಾಲಿನಲ್ಲಿ ಎಲೆ ಹಾಕಿದರೆ ಅವಳ ಆಯುಷ್ಯವನ್ನು ನಾವೇ ಕೈಯಾರೆ ಕಡಿದಂತೆ, ಎಂಬುದೂ ಆ ಊರಿನದ್ದೇ ನಂಬಿಕೆ. ಸಂಕಪ್ಪ ಹುಟ್ಟಿನಿಂದಲೇ ಅಡ್ಡಗೋಡೆಯ ಮೇಲೆ ದೀಪ ಇಡುವವ. ಈ ದೀಪವನ್ನು ಎಲ್ಲಿಡಬೇಕೆಂದು ಅವನಿಗೆ ತೋಚಲಿಲ್ಲ. ಹಾಗಾಗಿ ಕತ್ತಿ ಹಿಡಿದು ಬಾಳೆಯ ಬುಡದಲ್ಲಿ ನಿಂತಿದ್ದ.

"ಅಮ್ಮ, ಒಂದು ಎಲೆ ಹೆಚ್ಚು ಹಾಕಿದ್ರೆ ಎಂತ ಆಗ್ತದೆ?"

"ಎಂತ ಆಗ್ತದೆ ಅಂತ ನಿನಗೆ ಗೊತ್ತಿಲ್ವಾ? ನನ್ನ ಮಗಳು ಎಲ್ಲಿಯಾದ್ರೂ ನಾಲ್ಕು ಹೊತ್ತು ಉಂಡುಕೊಂಡು ಇದ್ರೆ? ನಾನೇ ಅವಳನ್ನು ಕೊಲ್ಲುದಾ?"

"ಇಲ್ಲದಿದ್ರೆ?"

"ಇದ್ದಾಳೆ," ಎಂದಳು ಸೀತು. ತುರಿಯುವ ಕೈ ಬಿರುಸಾಯಿತು.

ತಲೆಗೆ ಮಿಂದು ಕೂದಲು ಬಿಚ್ಚಿ ಒಣಗಿಸುತ್ತಿದ್ದ ಮನೋರಮಾ ಜಗಲಿಯಿಂದ ಇಳಿದು ಬಂದಳು. ಮದುಮಗಳು ಹಿರಿಯರ ನಡುವೆ ಬಾಯಿ ಹಾಕಬಾರದು ಎಂದು ಎರಡು ದಿನದಿಂದ ಬಾಯಿ ಕಟ್ಟಿಕೊಂಡಿದ್ದವಳು. ಅವಳ ಜಾಯಮಾನಕ್ಕೆ ಎರಡು ದಿನ ದೊಡ್ಡದೇ.

"ಅಜ್ಜಿ, ನಾನೊಂದು ಹೇಳ್ತೇನೆ, ಬೈಬೇಡಿ. ಅಮ್ಮನ ಮುಖ ನನಗೆ ನೆನಪಿಲ್ಲ. ಅವಳು ಹೇಗಿದ್ದಳು, ಎಂತ ಮಾತಾಡ್ತಿದ್ದಳು ಅಂತ ಕೇಳಿದ್ರೆ, ಪುತ್ತೂರಿಗೆ ಹೋಗಿದ್ದಾಳೆ, ಬಂದ ಮೇಲೆ ಅವಳನ್ನೇ ಕೇಳು ಅಂತೀರಿ. ಸತ್ತವರ ವಿಷಯ ಈ ಮನೆಯಲ್ಲಿ ಎಲ್ಲರೂ ಮಾತಾಡ್ತಾರೆ. ದೊಡ್ಡಜ್ಜನ ಹೊಗೆಸೊಪ್ಪಿನ ಚಟ, ಚಿಕ್ಕಜ್ಜಿಯ ಕೋಪ, ಎಲ್ಲ ನನಗೆ ಗೊತ್ತುಂಟು. ಅಮ್ಮನದ್ದೊಂದೇ ಎಂತದ್ದೂ ಗೊತ್ತಿಲ್ಲ. ಸತ್ತ ಅಮ್ಮ ಆದ್ರೂ ಸಾಕು, ಇರುವ ಅಮ್ಮ ಆದ್ರೂ ಸಾಕು. ನನಗೆ ಮದುವೆಗೆ ಒಂದು ಅಮ್ಮ ಬೇಕು."

ಅವಳು ಅಳುತ್ತಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಕೇಳುವ ಹಾಗೆ ಕೇಳಿದಳು. ಅದಕ್ಕೇ ಇರಬೇಕು, ಸೀತುವಿಗೆ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಈ ಹುಡುಗಿಯ ಬಾಯಿಗೆ ಅನ್ನ ತುರುಕಿದೆನೇ ಹೊರತು ಕೇಳಿದ್ದನ್ನು ಕೊಡಲಿಲ್ಲ ಎಂದು ಮೊದಲ ಬಾರಿ ಅನ್ನಿಸಿತು.

"ಹಾಕುದಾದ್ರೂ," ಎಂದ ಸಂಕಪ್ಪ ಮೆಲ್ಲಗೆ, ಸಂದು ಸಿಕ್ಕಿದ್ದನ್ನು ಕಂಡು, "ಅಕ್ಕನಿಗೆ ಎಂತ ಇಷ್ಟ? ಪತ್ರೊಡೆ ಅಲ್ವಾ?"

"ಪತ್ರೊಡೆ ನಿನಗೆ ಇಷ್ಟ. ಅವಳಿಗೆ ಕೆಸುವಿನ ಎಲೆ ಗಂಟಲು ತುರಿಸ್ತದೆ ಅಂತ ನಿನ್ನ ಎಲೆಗೆ ಹಾಕ್ತಿದ್ದಳು."

"ಹಾಗಾದ್ರೆ ಹಲಸಿನ ಹಣ್ಣಿನ ಗಟ್ಟಿ?"

"ಅದು ಎಲ್ಲರಿಗೂ ಇಷ್ಟ. ಒಮ್ಮೆ ಒಂದು ಪಾತ್ರೆ ಪೂರ ತಿಂದು ಬೆಕ್ಕಿನ ಮೇಲೆ ಹಾಕಿದಳು. ಬೆಕ್ಕು ಹಲಸಿನ ಹಣ್ಣು ತಿನ್ತದಾ ಅಂತ ಕೇಳಿದ್ರೆ, ನಮ್ಮ ಬೆಕ್ಕು ತಿನ್ತದೆ ಅಂದಳು."

ಮನೋರಮಾ ನಕ್ಕಳು. ಸಂಕಪ್ಪನೂ ನಕ್ಕ. ಆ ಬೆಕ್ಕಿಗೆ ಬಿದ್ದ ಪೆಟ್ಟು ಅವನಿಗೆ ನೆನಪಿತ್ತು. ನಗು ಮುಗಿಯುವಷ್ಟರಲ್ಲಿ ನೆರೆಮನೆಯ ಬ್ಯಾರಿ ಮುಸಲ್ಮಾನರ ಐಸಮ್ಮ ಮದುವೆಗೆಂದು ಒಂದು ಬುಟ್ಟಿ ಕೋಳಿಮೊಟ್ಟೆ ಹೊತ್ತುಕೊಂಡು ಅಂಗಳಕ್ಕೆ ಬಂದಳು. ವಾರಿಜಾಕ್ಷಿಯ ಓರಗೆಯವಳು, ಈ ಊರಿಗೆ ಮದುವೆಯಾಗಿ ಬಂದಂದಿನಿಂದ ಅವಳ ಗೆಳತಿ. ಅವತ್ತು ಬಸ್ಸಿನಲ್ಲಿ ವಾರಿಜಾಕ್ಷಿಯ ಪಕ್ಕದಲ್ಲಿ ಕೂತು ಪುತ್ತೂರಿನ ತವರಿಗೆ ಹೋದವಳೂ ಇವಳೇ.

"ಎಂತ ಸೀತಕ್ಕ, ನಗುವ ಸದ್ದು ನಮ್ಮ ಮನೆಯವರೆಗೆ ಕೇಳ್ತದೆ?"

"ವಾರಿಜನ ವಿಷಯ," ಎಂದಳು ಸೀತು. ಹೆಸರು ಬಾಯಿಂದ ಬಂದ ಕೂಡಲೇ ನಗು ಎಲ್ಲಿಗೋ ಹೋಯಿತು. ತುರಿದ ಕಾಯಿಯ ತಟ್ಟೆಯನ್ನು ಬದಿಗೆ ಸರಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಇವರು ಅವಳಿಗೆ ಎಂತ ಬಡಿಸುದು ಅಂತ ಕೇಳ್ತಾರೆ ಐಸಮ್ಮ. ನಾನು ಎಂತ ಹೇಳುದು? ಅವತ್ತು ಗಂಜಿ ಆಗಿರಲಿಲ್ಲ. ಕಟ್ಟಿಗೆ ಹಸಿ, ಬೆಂಕಿ ಹಿಡಿಯಲಿಲ್ಲ. ಚೂರು ಕಾಯು ಅಂದೆ, ಬಸ್ ತಪ್ತದೆ ಅಂತ ಓಡಿದಳು. ಹಸಿದ ಹೊಟ್ಟೆಯಲ್ಲಿ ಹೋದಳು. ನನಗೆ ಅವಳು ಸತ್ತಳಾ ಬದುಕಿದಳಾ ಅಂತ ಅಲ್ಲ, ಬೆಳಿಗ್ಗೆ ಏಳುವಾಗ ಅದೊಂದೇ ಬರುದು. ಉಣ್ಣದೆ ಹೋದಳು."

ಸಂಕಪ್ಪ ಕತ್ತಿಯನ್ನು ಕೆಳಗಿಟ್ಟ. ಅವನಿಗೂ ಇದು ಹೊಸದು. ಅಂಗಳಕ್ಕೆ ಬಂದವರನ್ನೆಲ್ಲ ಹಿಡಿದು ಕೂರಿಸಿ ಉಣ್ಣಿಸುವುದು ತಾಯಿಯ ದೊಡ್ಡತನ ಎಂದುಕೊಂಡಿದ್ದ.

ಐಸಮ್ಮ ಮೊಟ್ಟೆಯ ಬುಟ್ಟಿಯನ್ನು ಇಳಿಸಿದಳು. ತಲೆಗೆ ಹೊದ್ದ ಬಟ್ಟೆಯ ತಟ್ಟವನ್ನು ಸರಿಮಾಡಿಕೊಂಡಳು.

"ಉಂಡಿದ್ದಾಳೆ ಸೀತಕ್ಕ," ಎಂದಳು.

"ಯಾರು?"

"ವಾರಿಜ. ಬಸ್ಸಿನಲ್ಲಿ ಹಸಿವಾಗ್ತದೆ ಅಂದಳು. ನಾನು ತವರಿಗೆ ಅಂತ ಅಕ್ಕಿರೊಟ್ಟಿ ಕಟ್ಟಿಕೊಂಡಿದ್ದೆ, ಸಿಗಡಿ ಚಟ್ನಿ ಹಚ್ಚಿ. ಅದನ್ನು ಕೊಟ್ಟೆ. ಎರಡು ತಿಂದಳು. ಮತ್ತೊಂದನ್ನು ಇಬ್ಬರೂ ಅರ್ಧ ಅರ್ಧ ಮಾಡಿದೆವು. ತಿಂದಾದ ಮೇಲೆ, ಬ್ಯಾರಿಗಳ ಮನೆಯದ್ದು ತಿಂದೆ ಅಂತ ಅಮ್ಮನಿಗೆ ಗೊತ್ತಾದ್ರೆ ಮಿಂದೇ ಒಳಗೆ ಬಾ ಅಂತಾರೆ, ನೀನು ಹೇಳಬಾರದು ಅಂತ ಅವಳ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಹಾಕಿಸಿಕೊಂಡಳು." ಐಸಮ್ಮನ ಸ್ವರ ಸಣ್ಣದಾಯಿತು. "ಆಮೇಲೆ ಅವಳು ಕಾಣಲಿಲ್ಲ ಅಂತ ಆಯ್ತಲ್ಲ. ನಮ್ಮ ಯಜಮಾನ್ರು ಹೇಳಿದ್ರು, ತಿನ್ನಲಿಕ್ಕೆ ಕೊಟ್ಟೆ ಅಂತ ಬಾಯಿ ಬಿಡಬೇಡ, ಎಂತ ಹಾಕಿ ಕೊಟ್ಟೆ ಅಂತ ಪೊಲೀಸರು ಕೇಳಿಯಾರು ಅಂತ. ಹಾಗೆ ಹೇಳಲಿಲ್ಲ. ನೀವು ಇದಕ್ಕೆ ಸಂಕಟಪಡ್ತೀರಿ ಅಂತ ಗೊತ್ತಿದ್ದಿದ್ರೆ ಅವತ್ತೇ ಓಡಿ ಬಂದು ಹೇಳ್ತಿದ್ದೆ."

ಸೀತು ಐಸಮ್ಮನ ಹತ್ತಿರಕ್ಕೆ ಸರಿದಳು.

"ಎರಡೂವರೆ ತಿಂದಳಾ?"

"ಹೌದು."

"ಹೊಟ್ಟೆ ತುಂಬಿತು ಅಂದಳಾ?"

"ಅಂದಳು. ತೇಗಿದಳು ಸಹ."

ಸೀತು ಮತ್ತೆ ಕೇಳಿದಳು. ಐಸಮ್ಮ ಮತ್ತೆ ಮೊದಲಿನಿಂದ ಹೇಳಿದಳು: ರೊಟ್ಟಿ ಬಿಸಿ ಆರಿರಲಿಲ್ಲ, ಚಟ್ನಿ ಕೈಗೆ ಹತ್ತಿದ್ದನ್ನು ವಾರಿಜಾಕ್ಷಿ ಬಸ್ಸಿನ ಸೀಟಿಗೇ ಒರೆಸಿದಳು, ಕಂಡಕ್ಟರ್ ಬೈದ. ಕೇಳುತ್ತ ಕೇಳುತ್ತ ಸೀತುವಿನ ಹೆಗಲು ಸಡಿಲವಾಯಿತು. ಹೊತ್ತ ಹುಲ್ಲಿನ ಹೊರೆಯನ್ನು ಕೆಳಗಿಟ್ಟವಳ ಹಾಗೆ ಒಂದು ಉದ್ದ ಉಸಿರು ಬಿಟ್ಟು, ಆಮೇಲೆ ಅತ್ತಳು. ದುಃಖದ ಅಳುವಲ್ಲ ಅದು. ಮನೋರಮಾ ಅಜ್ಜಿಯ ಬೆನ್ನಿಗೆ ಕೈಯಿಟ್ಟು ಕೂತಳು.

"ಸಂಕಪ್ಪ," ಎಂದಳು ಸೀತು ಮೂಗು ಒರೆಸಿಕೊಂಡು, "ಇನ್ನೊಂದು ಎಲೆ ಕಡಿ."

"ಮತ್ತೆ ಅವಳು ಇದ್ರೆ?"

"ಇದ್ರೆ ಇರ್ಲಿ. ಉಂಡವಳಿಗೆ ಇನ್ನೊಂದು ಸಲ ಬಡಿಸಿದ್ರೆ ಎಂತ ಕೆಡುಕು? ಬಾಗಿಲು ಮಾತ್ರ ಮುಚ್ಚಬೇಡ, ಮುಚ್ಚುದು ಸತ್ತವರಿಗೆ. ಐಸಮ್ಮ, ನಿನ್ನ ಮನೆಯಲ್ಲಿ ಸಿಗಡಿ ಉಂಟಾ?"

ಸಂಕಪ್ಪ ಗಾಬರಿಯಾದ. "ಅಮ್ಮ, ಬ್ಯಾರಿಗಳ ಮನೆಯ ರೊಟ್ಟಿ ಒಳಕೋಣೆಗೆ? ದೊಡ್ಡಜ್ಜ ಎಂತ ಹೇಳಿಯಾರು?"

"ದೊಡ್ಡಜ್ಜನ ಎಲೆಗೆ ಹಾಕಬೇಡ. ಅವಳ ಎಲೆಗೆ ಹಾಕು."

ಹೊತ್ತು ಇಳಿಯುವ ಮೊದಲು ಐಸಮ್ಮ ರೊಟ್ಟಿ ತಟ್ಟಿ, ಸಿಗಡಿ ಚಟ್ನಿಯ ಜೊತೆ ಬಾಳೆಲೆಯಲ್ಲಿ ಸುತ್ತಿ ತಂದಳು. ಏಳು ಎಲೆಗೆ ಕುಚ್ಚಲಕ್ಕಿ ಅನ್ನ, ಕೋಳಿ ಸಾರು, ಅವರವರ ಇಷ್ಟದ್ದು. ಎಂಟನೆಯದಕ್ಕೆ ಹಲಸಿನ ಹಣ್ಣಿನ ಗಟ್ಟಿ ಮತ್ತು ಮೂರು ರೊಟ್ಟಿ. ಸಂಕಪ್ಪ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದ. ಅಕ್ಕನ ಸರದಿ ಕೊನೆಗೆ ಬಂತು. "ವಾರಿಜಕ್ಕ, ಗುರುವಾರ ಮನೋರಮಾಳ ಮದುವೆ. ಎಲ್ಲಿದ್ರೂ ಬಂದು ಉಂಡು ಹೋಗು," ಎಂದ. ಹೊರಗೆ ಬಂದವನು ಬಾಗಿಲ ಎದುರು ಸ್ವಲ್ಪ ಯೋಚಿಸಿದ. ಅದು ಎರಡು ಹಲಗೆಯ ಬಾಗಿಲು. ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆದೇ ಬಿಟ್ಟ. ಸತ್ತವರಿಗೂ ಸರಿ, ಬದುಕಿದ್ದವಳಿಗೂ ಸರಿ. ಅವನ ಬುದ್ಧಿ ಅಷ್ಟರ ಮಟ್ಟಿಗೆ ಕೆಲಸಕ್ಕೆ ಬಂತು.

ಎಲ್ಲರೂ ಬಾಗಿಲಿಗೆ ಬೆನ್ನು ಹಾಕಿ ಜಗಲಿಯಲ್ಲಿ ಕೂತರು. ಒಳಗಿನಿಂದ ಸಾರಿನ ಪರಿಮಳ ಬರುತ್ತಿತ್ತು. ಸೀತು ಆ ಹೊತ್ತನ್ನೆಲ್ಲ ಮಾತಿನಲ್ಲೇ ಕಳೆದಳು. ವಾರಿಜಾಕ್ಷಿ ಮರ ಹತ್ತುತ್ತಿದ್ದದ್ದು, ಕಪ್ಪೆಗೆ ಹೆದರುತ್ತಿದ್ದದ್ದು, ಪಾಡ್ದನದ ಹಾಡು ಹೇಳುವಾಗ ಸಾಲು ಮರೆತರೆ ತಾನೇ ಕಟ್ಟಿ ಸೇರಿಸುತ್ತಿದ್ದದ್ದು. ಮನೋರಮಾ ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ಹಿರಿಯರು ಅವತ್ತು ಮಾಮೂಲಿಗಿಂತ ಹೆಚ್ಚು ಹೊತ್ತು ಉಂಡಿರಬೇಕು. ಸಂಕಪ್ಪ ಎದ್ದು ಕೆಮ್ಮಿ ಒಳಗೆ ಹೋದದ್ದು ದೀಪ ಹಚ್ಚುವ ಹೊತ್ತಿಗೆ.

ತಾಯಿಯ ಎಲೆಯ ಮುಂದೆ ಮನೋರಮಾ ಕೂತಳು. ತನ್ನ ಪಾಲಿನ ಬೇರೆ ಎಲೆಯನ್ನು ಬಿಟ್ಟು ಸೀತುವೂ ಅವಳ ಪಕ್ಕದಲ್ಲಿ ಅದೇ ಎಲೆಗೆ ಕೂತಳು. ಐಸಮ್ಮನನ್ನು ಜಗಲಿಯ ಈಚೆ ಬದಿಗೆ, ಬಾಗಿಲಿಗೆ ಎದುರಾಗಿ ಕೂರಿಸಿದ್ದರು. ನೆರೆಮನೆಯವರಾಗಿ ಇಷ್ಟು ವರ್ಷದಲ್ಲಿ ಸೀತು ಅವಳ ಮನೆಯ ಒಂದು ಲೋಟ ನೀರನ್ನೂ ಕುಡಿದವಳಲ್ಲ. ಹಗೆಯೇನೂ ಇಲ್ಲ, ಕುಡಿಯುವ ಪದ್ಧತಿ ಇರಲಿಲ್ಲ, ಅಷ್ಟೇ.

ಸೀತು ರೊಟ್ಟಿಯನ್ನು ಮುರಿದು, ಚಟ್ನಿ ಹಚ್ಚಿಕೊಂಡು ಬಾಯಿಗಿಟ್ಟಳು. ಇದ್ದ ನಾಲ್ಕು ಹಲ್ಲಿನಲ್ಲಿ ನಿಧಾನವಾಗಿ ಅಗಿದಳು. ಸಂಕಪ್ಪ ತನ್ನ ಅನ್ನ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ.

"ಉಪ್ಪು ಚೂರು ಹೆಚ್ಚುಂಟು ಐಸಮ್ಮ," ಎಂದಳು ಸೀತು.

"ಅವಳೂ ಅದನ್ನೇ ಹೇಳಿದ್ದು," ಎಂದಳು ಐಸಮ್ಮ.

ಸೀತು ಇನ್ನೊಂದು ತುಂಡು ಮುರಿದುಕೊಂಡಳು.