ಹೆಣ್ಣು ಎಡಕ್ಕೋ ಬಲಕ್ಕೋ

ನಾನು ಒಂದು ಟೂಲ್. ತಿರುಗಿ ತಿರುಗಿ ಲೋಹ ಬೆಸೆಯುವ ಉಕ್ಕಿನ ತುಂಡು. ಹುಟ್ಟಿದ್ದು ಒಂದು ಲೇತಿನ ಮೇಲೆ. ಅಗಲ ಭುಜ, ಅದರ ಕೆಳಗೊಂದು ಗಿಡ್ಡ ಮೂಗು. ನನ್ನ ರೂಪ ಇಷ್ಟೇ. ನಾನು ಯಾವ ಲೋಹವನ್ನೂ ಕರಗಿಸುವುದಿಲ್ಲ. ಎರಡು ಹಲಗೆಗಳ ಸಂದಿಗೆ ಗರಗರ ಇಳಿದು, ಉಜ್ಜಿ ಉಜ್ಜಿ ಕಾಯಿಸಿ, ಮೆತ್ತಗಾದದ್ದನ್ನು ಹಿಟ್ಟು ನಾದಿದ ಹಾಗೆ ಕಲಸುತ್ತೇನೆ. ಹೇಳುವುದು ಸುಲಭ, ತಲೆ ಸುತ್ತುವುದು ನನಗೆ.

ಮೊದಲು ಕಾಲೇಜೊಂದರ ಪ್ರಯೋಗಶಾಲೆಯಲ್ಲಿದ್ದೆ. ಅಲ್ಯೂಮಿನಿಯಂಗೆ ಅಲ್ಯೂಮಿನಿಯಂ ಕೂಡಿಸುವ ಸುಖದ ಕೆಲಸ. ಆಮೇಲೆ ಹುಬ್ಬಳ್ಳಿಯ ಚಿಕ್ಕ ಕಾರ್ಖಾನೆಯೊಂದಕ್ಕೆ ಬಂದೆ. ಅಲ್ಲಿ ಗಟ್ಟಿ ತಾಮ್ರಕ್ಕೂ ಮೆದು ಅಲ್ಯೂಮಿನಿಯಂಗೂ ಗಂಟು ಹಾಕಬೇಕಿತ್ತು. ಈ ಕೆಲಸಕ್ಕೆ ಅಲ್ಲಿ ಮದುವೆ ಎಂದೇ ಹೆಸರು. ತಾಮ್ರ ಹೆಣ್ಣು, ಅಲ್ಯೂಮಿನಿಯಂ ಗಂಡು, ಯಂತ್ರ ನಡೆಸುವ ಮೌನೇಶ ಕಂಬಾರನೇ ಪುರೋಹಿತ. ನಾನು ಬರೀ ಮದುವೆಮನೆಯ ಆಳು.

ಆ ಮದುವೆಗಳು ಒಂದೂ ನಿಲ್ಲಲಿಲ್ಲ. ಬಗ್ಗಿಸಿದರೆ ಸಾಕು, ಪಟ್ಟನೆ ಬಿರುಕು. ಇನ್ನೊಂದು ಜೋಡಿ ಬಿರಿದರೆ ಯಂತ್ರ ಮಾರಿ ಬೋಲ್ಟ್ ಹಾಕಿ ಜೋಡಿಸುವುದಕ್ಕೇ ಮರಳುತ್ತೇವೆಂದು ಮಾಲೀಕರು ಹೇಳಿಬಿಟ್ಟರು. ಯಂತ್ರ ಹೋದರೆ ಮೌನೇಶನ ಕೆಲಸವೂ ಹೋದ ಹಾಗೆ. ಎಂಜಿನಿಯರ್ ಲೋಚನಾ ಮೇಡಂ ಫೋನಿನಲ್ಲಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿಯೂ ಹೀಗಾಯಿತಲ್ಲ ಎಂದು ಅವನು ಹೈರಾಣಾಗಿದ್ದ. ನನಗೆ ಪಾಪ ಅನಿಸುತ್ತಿತ್ತು. ನನ್ನ ಮೂಗೂ ಸವೆದು ಸೋತಿತ್ತು.

ಕೊನೆಗೆ ಮೇಡಂ ತಾವೇ ಬಂದರು. ಯಂತ್ರದ ಮೇಜಿನ ಮೇಲಿಟ್ಟ ಜೋಡಿ ನೋಡಿ ಹಣೆ ಚಚ್ಚಿಕೊಂಡರು.

"ಹೆಣ್ಣನ್ನ ಬಲಕ್ಕ ಯಾಕ ಕೂಡ್ಸೀರಿ?"

"ಪದ್ಧತಿ ಪ್ರಕಾರ ಕೂಡಸ್ರಿ ಅಂದಿದ್ರಲ್ರಿ ಮೇಡಂ," ಎಂದ ಮೌನೇಶ. "ತಾಳಿ ಕಟ್ಟೋತನಕ ಹೆಣ್ಣು ಬಲಕ್ಕಲ್ಲೇನ್ರಿ?"

"ಅಯ್ಯ, ನಾ ಅಂದಿದ್ದು ಹೆಂಡ್ತಿ ಕೂಡೋ ಜಾಗಾರೀ! ಎಡಕ್ಕ! ಟೂಲ್ ತಿರುಗ್ತಾ ಮುಂದಕ್ಕ ದೂಡೋದು ಎಡಗಡೆ. ಗಟ್ಟಿ ಇದ್ದದ್ದು ಅಲ್ಲೇ ಇರಬೇಕು."

ನನಗದು ಮೊದಲೇ ಗೊತ್ತಿತ್ತು. ಎಷ್ಟು ಕಿರುಚಿಕೊಂಡಿದ್ದೆ! ಯಂತ್ರ ಸದ್ದು ಮಾಡುತ್ತಿದೆ ಎಂದು ಎಣ್ಣೆ ಬಿಟ್ಟಿದ್ದರು, ಅಷ್ಟೇ.

ಮೌನೇಶ ತಾಮ್ರವನ್ನು ಎಡಕ್ಕೆ ತಂದ. ಇದ್ದಬದ್ದ ಜೀವವನ್ನೆಲ್ಲ ಹಿಡಿದು ನಾನು ಇಳಿದೆ. ಸಂದಿಯ ತುದಿ ಮುಟ್ಟಿ ಮೇಲೇಳುವಾಗ ನನ್ನ ಮೂಗು ಮುರಿದು ಲೋಹದಲ್ಲೇ ಉಳಿಯಿತು. ನಾನು ಏಳುವ ಜಾಗದಲ್ಲಿ ಯಾವಾಗಲೂ ತೂತು ಬೀಳುವುದರಿಂದ ಆ ತುದಿಯನ್ನು ಹೇಗೂ ಕತ್ತರಿಸುತ್ತಾರೆ. ಕತ್ತರಿಸಿ, ಉಳಿದದ್ದನ್ನು ಬಗ್ಗಿಸಿದರು. ಬಿರಿಯಲಿಲ್ಲ. ಮತ್ತೂ ಬಗ್ಗಿಸಿದರು. ಮೌನೇಶ ನೆಲಕ್ಕೆ ಕುಸಿದು ಕುಳಿತು ಅತ್ತೇಬಿಟ್ಟ.

ಈಗ ನಾನು ಗುಜರಿ ಡಬ್ಬಿಯಲ್ಲಿದ್ದೇನೆ. ಯಾರೂ ತಿರುಗಿಸುವುದಿಲ್ಲ, ಹಾಯಾಗಿದೆ. ಕತ್ತರಿಸಿದ ಆ ತುಂಡು ಮಾತ್ರ ಕಿಟಕಿಯ ಕಟ್ಟೆಯ ಮೇಲಿದೆ. ಯಂತ್ರ ಶುರು ಮಾಡುವ ಮುನ್ನ ಮೌನೇಶ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾನೆ. ಎಡಕ್ಕೆ ತಾಮ್ರ, ಬಲಕ್ಕೆ ಅಲ್ಯೂಮಿನಿಯಂ, ನಡುವೆ ನನ್ನ ಮೂಗು. ಊರವರ ಮದುವೆಗೆಲ್ಲ ದುಡಿದ ಆಳು ಕೊನೆಗೊಮ್ಮೆ ಹಸೆಯ ಮೇಲೆಯೇ ಕುಳಿತುಬಿಟ್ಟ.